ಒಂದು ಕಡೆಯ ಪ್ರೀತಿಯ ಸಿಂಗಾರ

ಕ್ಸೇವಿಯರ್ ಡೋಲಾನ್ ಅವರ ‘ಹಾರ್ಟ್‌ಬೀಟ್ಸ್’ ಚಿತ್ರದ ಮೇಲೆ ಅದು ತೆರೆಕಂಡ ದಿನದಿಂದಲೂ ಒಂದು ದೂರಿದೆ: ನೋಡಲು ಚೆಂದ, ಒಳಗೆ ಟೊಳ್ಳು. 2010ರ ಕಾನ್ ಚಿತ್ರೋತ್ಸವದ ‘ಅನ್ ಸರ್ಟನ್ ರಿಗಾರ್ಡ್’ ವಿಭಾಗಕ್ಕೆ ಈ ಚಿತ್ರ ಬಂದಾಗ ಕೆನಡಾದ ಕ್ವಿಬೆಕ್ ಪ್ರಾಂತ್ಯದ ಈ ನಿರ್ದೇಶಕರಿಗೆ 21 ವರ್ಷ. ಅದರ ಹಿಂದಿನ ವರ್ಷವಷ್ಟೇ ಅವರ ಮೊದಲ ಚಿತ್ರ ‘ಐ ಕಿಲ್ಡ್ ಮೈ ಮದರ್’ ಕಾನ್‌ನಲ್ಲಿಯೇ ‘ಡೈರೆಕ್ಟರ್ಸ್ ಫೋರ್ಟ್‌ನೈಟ್’ ವಿಭಾಗದ ಮೂರು ಪ್ರಶಸ್ತಿಗಳನ್ನು ಬಾಚಿಕೊಂಡಿತ್ತು. ತಾಯಿ ಮಗನ ಜಗಳದ ಆ ಚಿತ್ರದಲ್ಲಿ ಕಂಡ ಹಸಿ ನೋವು ಎರಡನೆಯ ಚಿತ್ರದಲ್ಲಿ ಕಾಣಲಿಲ್ಲ ಎಂಬುದು ದೂರಿನ ತಿರುಳು. ಅಲ್ಲಿ ಮನುಷ್ಯರಿದ್ದರು, ಇಲ್ಲಿ ಹಳೇ ಕಾಲದ ಫ್ರಾಕುಗಳು, ಮುತ್ತಿನ ಸರಗಳು, ತಿದ್ದಿ ತೀಡಿದ ಕೂದಲು, ಸ್ಲೋಮೋಷನ್‌ನಲ್ಲಿ ನಡೆಯುವ ಕಾಲುಗಳು. ಬರವಣಿಗೆ, ನಿರ್ದೇಶನ, ಸಂಕಲನ, ವಸ್ತ್ರವಿನ್ಯಾಸಗಳ ಜೊತೆಗೆ ಮೂರು ಮುಖ್ಯ ಪಾತ್ರಗಳಲ್ಲಿ ಒಂದನ್ನೂ ಡೋಲಾನ್ ತಾವೇ ವಹಿಸಿಕೊಂಡಿದ್ದರಿಂದ, ಇದು ಹುಡುಗನೊಬ್ಬನ ಕನ್ನಡಿ ಮುಂದಿನ ಆಟ ಎಂದು ತಳ್ಳಿಹಾಕುವುದೂ ಸುಲಭವಾಯಿತು. ಸಿಡ್ನಿ ಚಿತ್ರೋತ್ಸವದ ತೀರ್ಪುಗಾರರು ಅದೇ ವರ್ಷ ಇದಕ್ಕೆ ಸ್ಪರ್ಧಾ ವಿಭಾಗದ ದೊಡ್ಡ ಪ್ರಶಸ್ತಿ ಕೊಟ್ಟರೂ ಆ ಮಾತು ನಿಲ್ಲಲಿಲ್ಲ. ಈ ತಿರಸ್ಕಾರ ತಪ್ಪು ಎಂಬುದು ಈ ಲೇಖನದ ವಾದ. ಒಂದು ಕಡೆಯ ಪ್ರೀತಿಯನ್ನು ವಸ್ತುವಾಗಿ ಎತ್ತಿಕೊಂಡ ಚಿತ್ರಕ್ಕೆ ಅಲಂಕಾರ ಹೊರಗಿನಿಂದ ಬಂದು ಅಂಟಿಕೊಂಡದ್ದಲ್ಲ. ಆ ಪ್ರೀತಿ ಕಣ್ಣಿಗೆ ಕಾಣಿಸುವುದೇ ಅಲಂಕಾರದಲ್ಲಿ.

ಕಥೆ ತೀರಾ ಚಿಕ್ಕದು. ಮಾಂಟ್ರಿಯಲ್ ನಗರದಲ್ಲಿ ಫ್ರಾನ್ಸಿಸ್ ಮತ್ತು ಮೇರಿ ಎಂಬ ಇಬ್ಬರು ಆಪ್ತ ಗೆಳೆಯರು. ಫ್ರಾನ್ಸಿಸ್ ಸಲಿಂಗಪ್ರೇಮಿ, ಹಾಗಾಗಿ ಇಬ್ಬರ ನಡುವೆ ಪ್ರೇಮದ ಮಾತಿಲ್ಲ, ಸ್ನೇಹ ಮಾತ್ರ. ಒಂದು ಊಟದ ಕೂಟದಲ್ಲಿ ಹೊರಗಿನಿಂದ ಹೊಸದಾಗಿ ನಗರಕ್ಕೆ ಬಂದ ನಿಕೊಲಾ ಎಂಬ ಹೊಂಗೂದಲ ಹುಡುಗ ಇಬ್ಬರ ಕಣ್ಣಿಗೂ ಬೀಳುತ್ತಾನೆ. ಇಬ್ಬರೂ ಮರುಳಾಗುತ್ತಾರೆ. ಅವನು ಇಬ್ಬರ ಜೊತೆಗೂ ಸಲಿಗೆಯಿಂದಿರುತ್ತಾನೆ, ತಬ್ಬಿಕೊಳ್ಳುತ್ತಾನೆ, ಇಬ್ಬರನ್ನೂ ಅಕ್ಕಪಕ್ಕ ಮಲಗಿಸಿಕೊಂಡು ನಡುವೆ ನಿದ್ದೆ ಹೋಗುತ್ತಾನೆ, ಯಾರಿಗೂ ಏನನ್ನೂ ಹೇಳುವುದಿಲ್ಲ. ಸ್ನೇಹ ಹುಳಿಯಾಗುತ್ತದೆ. ಒಬ್ಬರಾದ ಮೇಲೊಬ್ಬರು ಅವನಿಂದ ತಿರಸ್ಕಾರ ಪಡೆದು, ಕೊನೆಗೆ ಮತ್ತೆ ಪರಸ್ಪರರ ಬಳಿಗೆ ಬರುತ್ತಾರೆ. ಮೇರಿಯಾಗಿ ಮೊನಿಯಾ ಶೋಕ್ರಿ, ನಿಕೊಲಾ ಆಗಿ ನೀಲ್ಸ್ ಷ್ನೈಡರ್, ಫ್ರಾನ್ಸಿಸ್ ಆಗಿ ಡೋಲಾನ್. ಇಷ್ಟೇ ಸರಕಿನಲ್ಲಿ ನೂರು ನಿಮಿಷ ದಾಟುವ ಚಿತ್ರವನ್ನು ಕಟ್ಟಬೇಕಾದರೆ ಘಟನೆಗಳಿಂದ ಸಾಧ್ಯವಿಲ್ಲ. ನೋಟ, ನಡಿಗೆ, ಬಟ್ಟೆ, ಉಡುಗೊರೆ, ಕಾಯುವಿಕೆಗಳಿಂದ ಕಟ್ಟಬೇಕು. ಡೋಲಾನ್ ಮಾಡಿರುವುದು ಅದನ್ನೇ.

ಮೊದಲ ಕೂಟದ ದೃಶ್ಯದಲ್ಲೇ ಇಡೀ ಚಿತ್ರದ ಬೀಜವಿದೆ. ಮೇಜಿನ ಆ ತುದಿಯಲ್ಲಿ ಕೂತಿರುವ ನಿಕೊಲಾನನ್ನು ನೋಡಿ ಮೇರಿ, ಫ್ರಾನ್ಸಿಸ್ ಇಬ್ಬರೂ ಅವನು ತಮಗೆ ಒಗ್ಗುವ ಬಗೆಯವನಲ್ಲ ಎಂದು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಾರೆ. ನಿಕೊಲಾನ ಕುರಿತ ಅವರ ಮೊದಲ ಮಾತೇ ಸುಳ್ಳು, ಮತ್ತು ಆ ಸುಳ್ಳು ನಿಕೊಲಾನಿಗೆ ಹೇಳಿದ್ದಲ್ಲ, ಗೆಳೆತನಕ್ಕೆ ಹೇಳಿದ್ದು. ಇಲ್ಲಿಂದ ಮುಂದೆ ಅವರು ಮಾಡುವ ಪ್ರತಿಯೊಂದು ಕೆಲಸಕ್ಕೂ ಇಬ್ಬರು ಪ್ರೇಕ್ಷಕರು: ಒಬ್ಬ ನಿಕೊಲಾ, ಇನ್ನೊಬ್ಬರು ಎದುರಾಳಿ. ನಿಕೊಲಾ ಹುಟ್ಟುಹಬ್ಬಕ್ಕೆ ಕರೆದಾಗ ಮೇರಿ ಹುಲ್ಲಿನ ಟೋಪಿ ತರುತ್ತಾಳೆ, ಫ್ರಾನ್ಸಿಸ್ ಕಿತ್ತಳೆ ಬಣ್ಣದ ಸ್ವೆಟರ್ ತರುತ್ತಾನೆ. ಆಡ್ರೆ ಹೆಪ್‌ಬರ್ನ್ ಎಂದರೆ ತನಗೆ ಪ್ರಾಣ ಎಂದು ನಿಕೊಲಾ ಒಂದು ಮಾತು ಆಡಿದರೆ ಸಾಕು, ಫ್ರಾನ್ಸಿಸ್ ಆ ನಟಿಯ ಪೋಸ್ಟರ್ ಕೊಳ್ಳುತ್ತಾನೆ, ಮೇರಿ ಆ ನಟಿಯಂತೆಯೇ ಉಟ್ಟು ಬರುತ್ತಾಳೆ. ಇಬ್ಬರ ವ್ಯತ್ಯಾಸವನ್ನೂ ಈ ಒಂದು ಸಂದರ್ಭ ಬಿಚ್ಚಿಡುತ್ತದೆ. ಅವನು ತನಗೆ ಬೇಕಾದವನಿಗೆ ಬೇಕಾದ್ದನ್ನು ತಂದುಕೊಡುತ್ತಾನೆ, ಅವಳು ತಾನೇ ಅದಾಗಲು ಹೊರಡುತ್ತಾಳೆ. ಸಂಭಾಷಣೆಯಲ್ಲಿ ಈ ಸೂಕ್ಷ್ಮ ಎಲ್ಲಿಯೂ ಇಲ್ಲ. ಬಟ್ಟೆಯಲ್ಲಿದೆ, ಉಡುಗೊರೆಯಲ್ಲಿದೆ. ಬಟ್ಟೆಬರೆಯನ್ನು ಮೇಲ್ಪದರ ಎಂದು ಬದಿಗೆ ಸರಿಸಿ ನೋಡುವವರಿಗೆ ಪಾತ್ರಗಳೂ ಅದರ ಜೊತೆಗೇ ಕೈತಪ್ಪಿ ಹೋಗುತ್ತವೆ.

ಯುರೋಪಿನ ಸಾಹಿತ್ಯದಲ್ಲಿ ಇದಕ್ಕೆ ದೊಡ್ಡ ಪೂರ್ವಜನೊಬ್ಬನಿದ್ದಾನೆ. ಗಯಟೆ 1774ರಲ್ಲಿ ಪ್ರಕಟಿಸಿದ ಕಾದಂಬರಿಯ ತರುಣ ವೆರ್ಥರ್, ಬೇರೊಬ್ಬನೊಡನೆ ಮದುವೆ ಗೊತ್ತಾದ ಲೋಟೆಯನ್ನು ಪ್ರೀತಿಸಿ ಸಾಯುತ್ತಾನೆ. ಅವಳೊಡನೆ ಮೊದಲ ಸಲ ಕುಣಿದಾಗ ತೊಟ್ಟಿದ್ದ ನೀಲಿ ಕೋಟು ಹಳತಾಗಿ ಸವೆದಾಗ ಅವನು ಅದನ್ನು ಬಿಟ್ಟು ಬೇರೆ ಬಣ್ಣದ್ದನ್ನು ತೊಡುವುದಿಲ್ಲ, ಅಂಥದೇ ಇನ್ನೊಂದನ್ನು ಹೊಲಿಸುತ್ತಾನೆ, ಜೊತೆಗೆ ಅದೇ ಹಳದಿ ವೇಸ್ಟ್‌ಕೋಟು. ಅದೇ ಉಡುಪಿನಲ್ಲಿ ತನ್ನನ್ನು ಹೂಳಬೇಕು ಎಂದು ಕೇಳಿಕೊಳ್ಳುತ್ತಾನೆ. ಕಾದಂಬರಿ ಹಬ್ಬಿದಂತೆ ಯುರೋಪಿನ ಹುಡುಗರು ಅದೇ ನೀಲಿ, ಹಳದಿ ತೊಟ್ಟು ತಿರುಗಿದರು. ರೋಲಾಂ ಬಾರ್ತ್ 1977ರಲ್ಲಿ ಪ್ರೇಮಿಯ ಮಾತು, ಹಾವಭಾವಗಳನ್ನು ಒಂದೊಂದಾಗಿ ಎತ್ತಿ ನೋಡಿದ ಪುಸ್ತಕ ಬರೆದಾಗ ವೆರ್ಥರನ ಈ ಉಡುಪಿಗೂ ಅದರಲ್ಲಿ ಒಂದು ಜಾಗ ಕೊಟ್ಟರು. ಉತ್ತರ ಸಿಗದ ಪ್ರೇಮಿಗೆ ಬಟ್ಟೆ ಯಾಕೆ ಇಷ್ಟು ಮುಖ್ಯ? ಪರಸ್ಪರ ಪ್ರೀತಿಯಲ್ಲಿ ಇಬ್ಬರ ನಡುವೆ ಮಾತಿರುತ್ತದೆ, ಜಗಳವಿರುತ್ತದೆ, ನೆನಪಿಟ್ಟುಕೊಳ್ಳಲು ನಡೆದ ಸಂಗತಿಗಳಿರುತ್ತವೆ. ಒಂದೇ ಕಡೆಯ ಪ್ರೀತಿಯಲ್ಲಿ ನಡೆದದ್ದು ಬಹಳ ಕಡಿಮೆ. ಅಲ್ಲಿ ಪ್ರೇಮಿಯ ಕೈಯಲ್ಲಿರುವುದು ತಾನು ಮಾಡಿಕೊಳ್ಳಬಹುದಾದ ತಯಾರಿ ಮಾತ್ರ. ಕಾಯುವ ಹೊತ್ತನ್ನು ಅವನು ಅದರಲ್ಲೇ ತುಂಬಿಸುತ್ತಾನೆ.

ಡೋಲಾನ್ ಅವರ ಅತಿ ಹೆಸರಾದ ತಂತ್ರವನ್ನು ಈ ಬೆಳಕಿನಲ್ಲೇ ನೋಡಬೇಕು. ಮೇರಿ ನಿಕೊಲಾನನ್ನು ಕಾಣಲು ಹೊರಡುತ್ತಾಳೆ. ಫ್ರಾನ್ಸಿಸ್ ಕೂಡ ತನ್ನ ಮನೆಯಿಂದ ಹೊರಡುತ್ತಾನೆ. ಇಬ್ಬರೂ ಬೀದಿಯಲ್ಲಿ ನಡೆಯುವುದನ್ನು ಕ್ಯಾಮೆರಾ ಬೆನ್ನಹಿಂದಿನಿಂದ, ಕತ್ತಿನ ಹಿಂಭಾಗ ಕಾಣುವಷ್ಟು ಹತ್ತಿರದಿಂದ, ಸ್ಲೋಮೋಷನ್‌ನಲ್ಲಿ ಹಿಂಬಾಲಿಸುತ್ತದೆ. ಹಿನ್ನೆಲೆಯಲ್ಲಿ ದಲಿದಾ ಹಾಡಿದ ‘ಬ್ಯಾಂಗ್ ಬ್ಯಾಂಗ್’. ಸೋನಿ ಬೋನೊ ಬರೆದು ಶೆರ್ 1966ರಲ್ಲಿ ಹಾಡಿದ ಗೀತೆಯ ಇಟಾಲಿಯನ್ ರೂಪ ಅದು. ಸುಮ್ಮನೆ ಲೆಕ್ಕ ಹಾಕಿದರೆ ಇದು ಒಂದು ಬೀದಿ ದಾಟುವ ಕೆಲಸ. ಚಿತ್ರ ಅದಕ್ಕೆ ಕೊಡುವ ಸಮಯ ನಿಕೊಲಾನ ಜೊತೆಗಿನ ಎಷ್ಟೋ ಭೇಟಿಗಳಿಗೂ ಕೊಡುವುದಿಲ್ಲ. ಹಾಗೆ ಕೊಡದಿರುವುದೇ ನ್ಯಾಯ. ಭೇಟಿಯಲ್ಲಿ ಏನೂ ಆಗುವುದಿಲ್ಲ, ಎಲ್ಲವೂ ಆಗುವುದು ಅಲ್ಲಿಗೆ ಹೋಗುವ ದಾರಿಯಲ್ಲಿ. ನಮ್ಮ ಕಾವ್ಯಗಳು ಸಂಕೇತಸ್ಥಳಕ್ಕೆ ಹೊರಟ ಅಭಿಸಾರಿಕೆಯ ದಾರಿಯನ್ನು, ಕತ್ತಲೆಯನ್ನು, ಕಾಲ್ಗೆಜ್ಜೆಯನ್ನು ಅಷ್ಟು ವಿಸ್ತಾರವಾಗಿ ವರ್ಣಿಸಿದ್ದೂ ಇದೇ ತಿಳಿವಳಿಕೆಯಿಂದ. ವ್ಯತ್ಯಾಸವೆಂದರೆ ಅಭಿಸಾರಿಕೆಗಾಗಿ ಅಲ್ಲಿ ಒಬ್ಬ ಕಾಯುತ್ತಿರುತ್ತಾನೆ. ಮೇರಿಗಾಗಿ ಯಾರೂ ಕಾಯುತ್ತಿಲ್ಲ, ಮತ್ತು ಅವಳು ಹೋಗಿ ಸೇರುವ ಜಾಗದಲ್ಲಿ ಫ್ರಾನ್ಸಿಸ್ ಕೂಡ ಇರುತ್ತಾನೆ.

ಇಲ್ಲಿಯೇ ಎರಡನೆಯ ಆಕ್ಷೇಪ ಎದುರಾಗುತ್ತದೆ: ಈ ಸ್ಲೋಮೋಷನ್ ಕದ್ದ ಮಾಲು, ಹಾಂಗ್‌ಕಾಂಗ್‌ನ ವಾಂಗ್ ಕರ್ ವಾಯ್ 2000ನೇ ಇಸವಿಯಲ್ಲಿ ತೆಗೆದ ‘ಇನ್ ದ ಮೂಡ್ ಫಾರ್ ಲವ್’ ಚಿತ್ರದಿಂದ ಎತ್ತಿಕೊಂಡದ್ದು. ಸಾಲ ಇರುವುದು ನಿಜ. ಅದರಲ್ಲಿ ಮ್ಯಾಗಿ ಚಿಯಂಗ್ ಬಿಗಿಯಾದ ಚೀನೀ ಉಡುಪಿನಲ್ಲಿ, ಕೈಯಲ್ಲಿ ನೂಡಲ್ಸ್ ಡಬ್ಬಿ ಹಿಡಿದು ಮೆಟ್ಟಿಲಿಳಿಯುವ, ಶಿಗೆರು ಉಮೆಬಯಾಶಿ ಅವರ ವಾಲ್ಟ್ಸ್ ಹಿಂದೆ ನುಡಿಯುವ ದೃಶ್ಯಗಳನ್ನು ನೋಡಿದ ಯಾರಿಗಾದರೂ ಇದು ಹೊಳೆಯುತ್ತದೆ. ಆದರೆ ತಂತ್ರವೊಂದು ಎಲ್ಲಿಂದ ಬಂತು ಎನ್ನುವುದಕ್ಕಿಂತ, ಬಂದ ಮೇಲೆ ಅದು ಏನು ಮಾಡುತ್ತಿದೆ ಎನ್ನುವುದು ಮುಖ್ಯ. ವಾಂಗ್ ಅವರ ಚಿತ್ರದ ಇಬ್ಬರು ನೆರೆಹೊರೆಯವರು ಒಬ್ಬರನ್ನೊಬ್ಬರು ನಿಜವಾಗಿಯೂ ಪ್ರೀತಿಸುತ್ತಾರೆ. ತಮಗೆ ಮೋಸ ಮಾಡಿದ ಗಂಡ ಹೆಂಡಿರಂತೆ ತಾವಾಗಬಾರದು ಎಂದು ತಡೆದುಕೊಳ್ಳುತ್ತಾರೆ. ಅಲ್ಲಿ ಕಾಲ ನಿಧಾನವಾಗುವುದು ಇಬ್ಬರೂ ಹಂಚಿಕೊಂಡ ಹಿಂಜರಿಕೆಯಿಂದ. ಡೋಲಾನ್ ಅವರಲ್ಲಿ ಕಾಲ ನಿಧಾನವಾಗುವುದು ಒಬ್ಬರ ತಲೆಯೊಳಗೆ ಮಾತ್ರ. ನಿಕೊಲಾ ಎಲ್ಲರಂತೆ ಮಾಮೂಲಿ ವೇಗದಲ್ಲಿ ಬದುಕುತ್ತಿದ್ದಾನೆ, ತಿನ್ನುತ್ತಿದ್ದಾನೆ, ನಗುತ್ತಿದ್ದಾನೆ. ಒಂದೇ ಬೀದಿಯಲ್ಲಿ ಎರಡು ಗಡಿಯಾರಗಳು ಓಡುತ್ತಿವೆ. ಈ ಅಂತರದಿಂದಲೇ ಚಿತ್ರಕ್ಕೆ ಅದರ ಹಾಸ್ಯವೂ ನೋವೂ ಒಟ್ಟಿಗೆ ದಕ್ಕುತ್ತವೆ, ಮತ್ತು ಅವು ಹಾಂಗ್‌ಕಾಂಗ್‌ನಿಂದ ತಂದವಲ್ಲ. ಜೊತೆಗೆ, ಸಿನಿಮಾ ನೋಡಿ ಬೆಳೆದ ತರುಣರು ಪ್ರೀತಿಸುವಾಗ ಸಿನಿಮಾದಂತೆಯೇ ನಡೆಯುತ್ತಾರೆ, ಸಿನಿಮಾದಂತೆಯೇ ಸಿಗರೇಟು ಹಚ್ಚುತ್ತಾರೆ. ಆಡ್ರೆ ಹೆಪ್‌ಬರ್ನ್ ಆಗಲು ಹೊರಟ ಹುಡುಗಿಯ ಚಿತ್ರ ಬೇರೆ ಚಿತ್ರಗಳಿಂದ ಸಾಲ ಪಡೆಯುವುದು ಪಾತ್ರದ ಸತ್ಯಕ್ಕೆ ಸರಿಯಾಗಿಯೇ ಇದೆ.

ಇಡೀ ಚಿತ್ರದಲ್ಲಿ ನಾನು ಅತಿ ಮುಖ್ಯವೆಂದು ಎಣಿಸುವುದು ಹುಟ್ಟುಹಬ್ಬದ ರಾತ್ರಿಯ ನೃತ್ಯವನ್ನು. ನಿಕೊಲಾನ ತಾಯಿ ದೇಸಿರೆ, ನೀಲಿ ವಿಗ್ ತೊಟ್ಟು ಪಾರ್ಟಿಗೆ ಬಂದಿದ್ದಾಳೆ. ಡೋಲಾನ್ ಅವರ ಮೊದಲ ಚಿತ್ರದ ತಾಯಿ ಆನ್ ಡೊರ್ವಾಲ್ ಅವರೇ ಇಲ್ಲೂ ತಾಯಿ. ಸ್ವೀಡನ್ನಿನ ‘ದ ನೈಫ್’ ತಂಡದ ಹಾಡು ನಡೆಯುತ್ತಿದೆ, ಮಿಣುಕುವ ಸ್ಟ್ರೋಬ್ ಬೆಳಕಿನಲ್ಲಿ ತಾಯಿ ಮಗ ಕುಣಿಯುತ್ತಿದ್ದಾರೆ. ಸೋಫಾದ ಮೇಲೆ ಕೂತ ಮೇರಿ, ಫ್ರಾನ್ಸಿಸ್ ಕಣ್ಣು ಕೀಳದೆ ನೋಡುತ್ತಿದ್ದಾರೆ. ಬೆಳಕು ಹೊತ್ತಿ ಆರುವ ನಡುವೆ ಮೇರಿಯ ಕಣ್ಣಿಗೆ ಮೈಕೆಲ್ಯಾಂಜೆಲೊ ಕೆತ್ತಿದ ಡೇವಿಡ್ ಕಾಣುತ್ತಾನೆ. ಫ್ರಾನ್ಸಿಸ್‌ನ ಕಣ್ಣಿಗೆ ಜಾಂ ಕಾಕ್ತೊ ಎಳೆದ ರೇಖಾಚಿತ್ರಗಳ ಗಂಡಸರು ಕಾಣುತ್ತಾರೆ. ಇಲ್ಲಿ ಹೇಳುತ್ತಿರುವುದನ್ನು ಗಮನಿಸಬೇಕು. ಇಬ್ಬರೂ ಒಬ್ಬನನ್ನೇ ನೋಡುತ್ತಿದ್ದಾರೆ, ಆದರೆ ಒಬ್ಬನನ್ನೇ ಕಾಣುತ್ತಿಲ್ಲ. ಅವಳಿಗೆ ಅವನು ಅಮೃತಶಿಲೆ: ದೂರದವನು, ದೊಡ್ಡವನು, ಮುಟ್ಟಿದರೂ ತಣ್ಣಗಿರುವವನು. ಫ್ರಾನ್ಸಿಸ್‌ಗೆ ಅವನು ಒಂದೇ ಎಳೆತದಲ್ಲಿ ಮೂಡಿದ ರೇಖೆ: ಹತ್ತಿರದವನು, ಆಸೆಯಿಂದಲೇ ಬರೆದವನು. ಎರಡೂ ಮೂರ್ತಿಗಳು ಬೇರೆ ಬೇರೆಯಾಗಿರುವಾಗ ಯಾವುದಕ್ಕಾಗಿ ಪೈಪೋಟಿ? ಅವರ ಜಗಳಕ್ಕೆ ಸಮಾನವಾದ ವಸ್ತುವೇ ಇಲ್ಲ. ಇದನ್ನು ಸಂಭಾಷಣೆಯಲ್ಲಿ ಹೇಳಲು ಹೊರಟಿದ್ದರೆ ಪಾಠವಾಗುತ್ತಿತ್ತು. ಬೆಳಕು, ಕತ್ತರಿ, ಎರಡು ಕಲಾಕೃತಿ, ಇಷ್ಟರಲ್ಲಿ ಕೆಲವೇ ಕ್ಷಣಗಳಲ್ಲಿ ಅದು ತಿಳಿದುಹೋಗುತ್ತದೆ. ಶೈಲಿಯೇ ಚಿಂತನೆಯ ಕೆಲಸ ಮಾಡುವುದೆಂದರೆ ಇದು.

ಹಾಗಾದರೆ ನಿಕೊಲಾ ಯಾರು? ಪಾತ್ರ ಟೊಳ್ಳು, ಅವನ ಒಳಗು ನಮಗೆ ತಿಳಿಯುವುದೇ ಇಲ್ಲ, ಅವನು ಗೊತ್ತಿದ್ದೇ ಆಟವಾಡಿಸಿದನೋ ಸಹಜವಾಗಿ ಸಲಿಗೆಯವನೋ ಎಂಬುದೂ ಸ್ಪಷ್ಟವಿಲ್ಲ ಎಂದು ಆಕ್ಷೇಪಿಸುವವರ ಮಾತು ಸರಿಯಾಗಿಯೇ ಇದೆ. ಆದರೆ ಅದನ್ನು ದೋಷವೆಂದು ಎಣಿಸಲಾಗದು. ನಿಕೊಲಾನ ಮನಸ್ಸನ್ನು ಚಿತ್ರ ನಮಗೆ ತೆರೆದಿಟ್ಟಿದ್ದರೆ, ಮೇರಿ ಮತ್ತು ಫ್ರಾನ್ಸಿಸ್‌ಗೆ ಇಲ್ಲದ ಸೌಲಭ್ಯ ಪ್ರೇಕ್ಷಕರಿಗೆ ಸಿಗುತ್ತಿತ್ತು. ಆಗ ನಾವು ಅವರನ್ನು ಮೇಲಿನಿಂದ ನೋಡಿ ಕನಿಕರಪಡುತ್ತಿದ್ದೆವು. ಈಗ ನಾವೂ ಅವರಂತೆಯೇ ಅವನ ಒಂದು ಸ್ಪರ್ಶವನ್ನು, ಒಂದು ನಗುವನ್ನು ಹಿಡಿದುಕೊಂಡು ಅರ್ಥ ಹುಡುಕುತ್ತೇವೆ, ಪುರಾವೆ ಜೋಡಿಸುತ್ತೇವೆ. ಷ್ನೈಡರ್ ಅವರ ಅಭಿನಯ ಈ ವಿಷಯದಲ್ಲಿ ಬಹಳ ಹದವಾದದ್ದು. ನಿಕೊಲಾನ ನಗು ಎಲ್ಲರಿಗೂ ಒಂದೇ ಆಗಿರುತ್ತದೆ. ಅದನ್ನು ತನಗೊಬ್ಬಳಿಗೇ ಎಂದು ಮೇರಿಯೂ, ತನಗೊಬ್ಬನಿಗೇ ಎಂದು ಫ್ರಾನ್ಸಿಸ್ಸೂ ಓದಿಕೊಳ್ಳುವುದು ನಮ್ಮ ಕಣ್ಣೆದುರಿಗೇ ನಡೆಯುತ್ತದೆ, ಆದರೂ ನಾವು ಅವರ ಓದನ್ನು ನಂಬಲು ತಯಾರಾಗಿಬಿಡುತ್ತೇವೆ.

ಒಂದು ಕಡೆಯ ಪ್ರೀತಿಯ ಬಗ್ಗೆ ನಮ್ಮ ಅಲಂಕಾರಶಾಸ್ತ್ರಕ್ಕೆ ಒಂದು ಖಚಿತ ನಿಲುವಿದೆ, ಮತ್ತು ಈ ಚಿತ್ರದ ವಿರುದ್ಧದ ಅತಿ ಗಟ್ಟಿಯಾದ ವಾದ ಅಲ್ಲೇ ಸಿಗುತ್ತದೆ ಎಂದು ನನ್ನ ಎಣಿಕೆ. ವಿಶ್ವನಾಥನ ‘ಸಾಹಿತ್ಯದರ್ಪಣ’ ಇಬ್ಬರಲ್ಲೂ ನೆಲೆಗೊಳ್ಳದ ರತಿಯನ್ನು ಶೃಂಗಾರವೆಂದು ಒಪ್ಪುವುದಿಲ್ಲ, ರಸಾಭಾಸದ ಪಟ್ಟಿಗೆ ಸೇರಿಸುತ್ತದೆ. ಅಂದರೆ ಅದು ಶೃಂಗಾರದಂತೆ ಕಾಣುತ್ತದೆ, ಶೃಂಗಾರವಲ್ಲ. ಈ ಅಳತೆಯಲ್ಲಿ ‘ಹಾರ್ಟ್‌ಬೀಟ್ಸ್’ ಮೊದಲಿನಿಂದ ಕೊನೆಯವರೆಗೆ ಆಭಾಸವೇ. ಶೃಂಗಾರದ ಎಲ್ಲ ಸಾಮಗ್ರಿಯೂ ಇದೆ, ಉದ್ಯಾನದಂಥ ನಗರವಿದೆ, ಸಂಗೀತವಿದೆ, ಅಲಂಕೃತ ನಾಯಿಕೆಯಿದ್ದಾಳೆ; ಆಧಾರವಾಗಬೇಕಾದ ಎರಡನೆಯ ಹೃದಯ ಮಾತ್ರ ಇಲ್ಲ. ಆದರೆ ಅದೇ ಪರಂಪರೆಯಲ್ಲಿ ಇದಕ್ಕೆ ಉತ್ತರವೂ ಇದೆ. ಆನಂದವರ್ಧನ ಧ್ವನಿಯ ಆತ್ಮವನ್ನು ಹೇಳುವಾಗ ರಸ, ಭಾವಗಳ ಸಾಲಿನಲ್ಲೇ ಅವುಗಳ ಆಭಾಸವನ್ನೂ ಇಡುತ್ತಾನೆ. ಅದನ್ನು ಕಾವ್ಯದಿಂದ ಹೊರಗೆ ಹಾಕುವುದಿಲ್ಲ. ಅಭಿನವಗುಪ್ತ ಸೀತೆಯ ಮೇಲಿನ ರಾವಣನ ಮೋಹವನ್ನು ಉದಾಹರಿಸುತ್ತ, ಕಪ್ಪೆಚಿಪ್ಪು ಬೆಳ್ಳಿಯಾಗಿ ಕಂಡ ಹಾಗೆ ಎನ್ನುತ್ತಾನೆ. ಕಾಣುವ ಹೊತ್ತಿನಲ್ಲಿ ಅದು ಬೆಳ್ಳಿಯೇ. ಚಿಪ್ಪೆಂಬುದು ಆಮೇಲಿನ ಅರಿವು. ಡೋಲಾನ್ ಅವರ ಚಿತ್ರ ನಮ್ಮನ್ನು ನಡೆಸುವ ಕ್ರಮವೂ ಇದೇ. ನೋಡುವಾಗ ಬೆಳ್ಳಿಯ ಹೊಳಪಿದೆ. ಬಣ್ಣ, ಹಾಡು, ನಡಿಗೆಗಳು ಅದಕ್ಕಾಗಿಯೇ. ಆ ಹೊಳಪು ಕಡಿಮೆಯಾಗಿದ್ದರೆ ಚಿಪ್ಪು ಮೊದಲಿನಿಂದಲೂ ಚಿಪ್ಪಾಗಿಯೇ ಕಂಡು, ಇಬ್ಬರು ಬುದ್ಧಿಗೆಟ್ಟವರ ಕಥೆಯಾಗಿ ಮುಗಿಯುತ್ತಿತ್ತು. ಕನ್ನಡದ ಓದುಗರಿಗೆ ನಾಗಚಂದ್ರನ ‘ರಾಮಚಂದ್ರಚರಿತ ಪುರಾಣ’ದ ರಾವಣ ನೆನಪಾಗಬಹುದು. ಉನ್ನತನಾದ ಆ ರಾವಣನ ಒಮ್ಮುಖ ಮೋಹವನ್ನು ಕವಿ ಗಂಭೀರವಾಗಿ ತೆಗೆದುಕೊಂಡದ್ದರಿಂದಲೇ, ಸೀತೆಯ ನಿಷ್ಠೆಯನ್ನು ಕಂಡು ಅವನ ಮನಸ್ಸು ತಿಳಿಯಾಗುವ ಘಟ್ಟಕ್ಕೆ ಅಷ್ಟು ತೂಕ ಬಂದಿದೆ.

ಪೈಪೋಟಿಯ ವಿಷಯಕ್ಕೆ ಬರೋಣ. ಫ್ರೆಂಚ್ ಚಿಂತಕ ರೆನೆ ಜಿರಾರ್ಡ್ 1961ರಲ್ಲಿ ಪ್ರಕಟವಾದ ತಮ್ಮ ಪುಸ್ತಕದಲ್ಲಿ, ನಮ್ಮ ಆಸೆ ನೇರವಾಗಿ ವಸ್ತುವಿನ ಕಡೆಗೆ ಹೋಗುವುದಿಲ್ಲ, ಮತ್ತೊಬ್ಬರ ಆಸೆಯನ್ನು ನೋಡಿ ಕಲಿತು ಹೋಗುತ್ತದೆ ಎಂದು ವಾದಿಸಿದರು. ಈ ಚಿತ್ರಕ್ಕೆ ಅದು ಅರ್ಧ ಹೊಂದುತ್ತದೆ. ಫ್ರಾನ್ಸಿಸ್‌ನ ಆಸೆ ಮೇರಿಯದನ್ನೂ, ಮೇರಿಯದು ಫ್ರಾನ್ಸಿಸ್‌ನದನ್ನೂ ಕೆರಳಿಸುತ್ತ ಹೋಗುವುದು ಕಾಣುತ್ತದೆ. ಆದರೆ ಜಿರಾರ್ಡ್ ಅವರ ಲೆಕ್ಕದಲ್ಲಿ ಎದುರಾಳಿ ಕೊನೆಗೆ ಅಡ್ಡಗಲ್ಲಾಗಿ, ದ್ವೇಷಕ್ಕೆ ಗುರಿಯಾಗುತ್ತಾನೆ. ಇಲ್ಲಿ ಎದುರಾಳಿಯೇ ಆಪ್ತ. ಮೂವರೂ ಹಳ್ಳಿಯ ಮನೆಗೆ ಹೋದಾಗ ನಿಕೊಲಾ ಫ್ರಾನ್ಸಿಸ್‌ಗೆ ಮಾರ್ಷ್‌ಮೆಲೊ ತಿನ್ನಿಸುವುದನ್ನು ಕಂಡು ಮೇರಿ ಎದ್ದು ಹೋಗುತ್ತಾಳೆ, ಫ್ರಾನ್ಸಿಸ್ ಹಿಂದೆ ಓಡುತ್ತಾನೆ, ಉದುರಿದೆಲೆಗಳ ಮೇಲೆ ಇಬ್ಬರೂ ಮಕ್ಕಳಂತೆ ಹೊರಳಾಡಿ ಹೊಡೆದಾಡುತ್ತಾರೆ. ಇಡೀ ಚಿತ್ರದಲ್ಲಿ ಇಷ್ಟು ಬಿಡುಬೀಸಾಗಿ, ಕೂದಲು ಕೆದರಿ, ಬಟ್ಟೆಯ ಪರಿವೆಯಿಲ್ಲದೆ ಒಬ್ಬರನ್ನೊಬ್ಬರು ಮುಟ್ಟುವ ದೃಶ್ಯ ಬೇರೆ ಇಲ್ಲ. ನಿಕೊಲಾನ ಮುಂದೆ ಅವರು ಸದಾ ಸಜ್ಜಾಗಿರುತ್ತಾರೆ. ಪರಸ್ಪರರ ಮುಂದೆ ಮಾತ್ರ ಸಜ್ಜು ಕಳಚುತ್ತದೆ. ಎರಡೂ ಕಡೆ ನೆಲೆಗೊಂಡ ಪ್ರೀತಿ ಎಂಬುದು ಈ ಚಿತ್ರದಲ್ಲಿ ಇದ್ದರೆ ಅದು ಇವರಿಬ್ಬರ ನಡುವೆ ಇದೆ, ಮತ್ತು ಅದನ್ನೇ ಅವರು ನಿಕೊಲಾನಿಗಾಗಿ ಹಾಳುಮಾಡಿಕೊಳ್ಳುತ್ತಿದ್ದಾರೆ. ಚಿತ್ರದ ನಿಜವಾದ ಗಂಡಾಂತರ ಇದು.

ತ್ರಿಕೋನ ಪ್ರೇಮಕ್ಕೆ ಸಿನಿಮಾ ಸಾಮಾನ್ಯವಾಗಿ ಎರಡು ಬಾಗಿಲು ಇಟ್ಟಿರುತ್ತದೆ. ಒಂದು ಸಾವು: ತ್ರುಫೊ ಅವರ 1962ರ ‘ಜೂಲ್ ಎ ಜಿಮ್’ನಲ್ಲಿ ಇಬ್ಬರು ಗೆಳೆಯರು ಒಬ್ಬಳನ್ನು ಪ್ರೀತಿಸಿದ ಕಥೆ ಕಾರಿನ ಸಮೇತ ನೀರಿಗೆ ಬೀಳುತ್ತದೆ. ಇನ್ನೊಂದು ತ್ಯಾಗ, ಇದು ನಮಗೆ ಚೆನ್ನಾಗಿ ಪರಿಚಯವಿದೆ. 2006ರ ‘ಮುಂಗಾರು ಮಳೆ’ಯ ಪ್ರೀತಮ್ ತನ್ನನ್ನು ಪ್ರೀತಿಸುವ ನಂದಿನಿಯನ್ನೇ ಇನ್ನೊಬ್ಬನ ಕೈಗೆ ಒಪ್ಪಿಸಿ ಮಳೆಯಲ್ಲಿ ನಿಲ್ಲುತ್ತಾನೆ, ಆ ನಿಲುವಿಗೆ ಕನ್ನಡ ಪ್ರೇಕ್ಷಕರು ವರ್ಷಗಟ್ಟಲೆ ಮರುಗಿದರು. ತ್ಯಾಗ ಮಾಡಲು ಕೈಯಲ್ಲಿ ಏನಾದರೂ ಇರಬೇಕು. ಪ್ರೀತಮ್‌ನ ಕೈಯಲ್ಲಿ ನಂದಿನಿಯ ಪ್ರೀತಿ ಇತ್ತು. ಮೇರಿ, ಫ್ರಾನ್ಸಿಸ್‌ರ ಕೈಯಲ್ಲಿ ಬಿಟ್ಟುಕೊಡಲು ಏನೂ ಇಲ್ಲ. ಹಿಂದೆ ಬಿದ್ದು ಕಾಡಿದರೆ ಕೊನೆಗೆ ಒಲಿದೇ ಒಲಿಯುತ್ತಾರೆ ಎಂದು ನಂಬಿಸುವ ಎಷ್ಟೋ ಚಿತ್ರಗಳು ತೋರುವ ಮೂರನೆಯ ಬಾಗಿಲನ್ನೂ ಡೋಲಾನ್ ಮುಚ್ಚಿದ್ದಾರೆ. ಫ್ರಾನ್ಸಿಸ್ ಧೈರ್ಯ ಮಾಡಿ ಹೇಳಿಕೊಂಡಾಗ, ತಾನು ಸಲಿಂಗಪ್ರೇಮಿಯೆಂದು ನೀನು ಹೇಗೆ ಭಾವಿಸಿದೆ ಎಂದು ನಿಕೊಲಾ ಕೇಳುತ್ತಾನೆ. ಮೇರಿ ಕಳಿಸಿದ ಪ್ರೇಮದ ಬರಹಕ್ಕೂ ಅವನಿಂದ ಸಿಗುವುದು ನುಣುಚಿಕೊಳ್ಳುವ ಉತ್ತರ. ಇಲ್ಲ ಎಂದರೆ ಇಲ್ಲ. ಈ ಉತ್ತರಗಳನ್ನು ಕೇಳಿಸುವಾಗ ಚಿತ್ರ ತನ್ನ ಎಲ್ಲ ಸಿಂಗಾರವನ್ನೂ ಹಿಂದಕ್ಕೆ ತೆಗೆದುಕೊಳ್ಳುತ್ತದೆ. ದಲಿದಾಳ ಹಾಡಿಲ್ಲ, ಸ್ಲೋಮೋಷನ್ ಇಲ್ಲ. ಕಾಲ ನಿಕೊಲಾನ ವೇಗಕ್ಕೆ ಬಂದುಬಿಡುತ್ತದೆ. ಅಷ್ಟು ಹೊತ್ತು ಅಲಂಕಾರವನ್ನು ಸುರಿದ ನಿರ್ದೇಶಕರಿಗೆ ಅದನ್ನು ಎಲ್ಲಿ ನಿಲ್ಲಿಸಬೇಕೆಂಬ ಅರಿವಿತ್ತು ಎನ್ನುವುದಕ್ಕೆ ಇದಕ್ಕಿಂತ ಹೆಚ್ಚಿನ ಪುರಾವೆ ಬೇಡ.

ಇನ್ನೂ ಎರಡು ಕಡೆ ಈ ನಿಯಂತ್ರಣ ಕಾಣುತ್ತದೆ. ನಿಕೊಲಾನಿಗಾಗಿ ಹಂಬಲಿಸುತ್ತಿರುವಾಗಲೂ ಮೇರಿ, ಫ್ರಾನ್ಸಿಸ್ ಬೇರೆಯವರ ಜೊತೆ ಮಲಗುತ್ತಾರೆ. ಛಾಯಾಗ್ರಾಹಕಿ ಸ್ಟೆಫನಿ ವೇಬರ್ ಬಿರೋನ್ ಆ ದೃಶ್ಯಗಳನ್ನು ಒಂದೊಂದೇ ಬಣ್ಣದ ಬೆಳಕಿನಲ್ಲಿ ಅದ್ದುತ್ತಾರೆ, ಕೆಂಪು ಒಮ್ಮೆ, ಹಸಿರು ಒಮ್ಮೆ. ಜೊತೆಗೆ ಬಾಕ್‌ನ ಚೆಲ್ಲೊ. ಕೈಗೆ ಸಿಕ್ಕ ದೇಹಕ್ಕೆ ಒಂದೇ ಬಣ್ಣ, ಸಿಗದವನಿಗೆ ಜಗತ್ತಿನ ಎಲ್ಲ ಬಣ್ಣ. ಇನ್ನೊಂದು, ಕಥೆಯ ನಡುನಡುವೆ ಬರುವ ಸಂದರ್ಶನಗಳು. ಕಥೆಗೆ ಸಂಬಂಧವೇ ಇಲ್ಲದ ತರುಣ ತರುಣಿಯರು ಕ್ಯಾಮೆರಾದತ್ತ ತಿರುಗಿ ತಮ್ಮ ಸೋತ ಪ್ರೇಮಗಳನ್ನು ಹೇಳಿಕೊಳ್ಳುತ್ತಾರೆ. ಅಲ್ಲಿ ಹಾಡಿಲ್ಲ, ಚೆಂದದ ಬೆಳಕಿಲ್ಲ. ಕ್ಯಾಮೆರಾ ಸುದ್ದಿವಾಹಿನಿಯವರಂತೆ ಇದ್ದಕ್ಕಿದ್ದಂತೆ ಮುಖದ ಹತ್ತಿರಕ್ಕೆ ನುಗ್ಗುತ್ತದೆ. ಕನ್ನಡಕದ ಹುಡುಗಿಯೊಬ್ಬಳು ತಾನು ಕಾದದ್ದನ್ನು, ಬೆನ್ನುಹತ್ತಿದ್ದನ್ನು ಹೇಳುವಾಗ ಅವಮಾನ ಇನ್ನೂ ಅವಳ ದನಿಯಲ್ಲಿ ಆರಿಲ್ಲ. ಈ ತುಣುಕುಗಳು ಕೆಲವೊಮ್ಮೆ ಅಗತ್ಯಕ್ಕಿಂತ ಉದ್ದವಾಗಿವೆ, ಒಂದೆರಡನ್ನು ಕತ್ತರಿಸಿದ್ದರೆ ಚಿತ್ರಕ್ಕೆ ನಷ್ಟವಿರಲಿಲ್ಲ. ಆದರೂ ಅವುಗಳ ಕೆಲಸ ದೊಡ್ಡದು: ಸಿಂಗಾರ ತೆಗೆದರೆ ಒಂದು ಕಡೆಯ ಪ್ರೀತಿ ಹೇಗೆ ಕಾಣುತ್ತದೆ ಎಂದು ಕೇಳುವವರಿಗೆ ಅಲ್ಲಿ ಉತ್ತರವಿದೆ. ಅದು ಪುನರಾವರ್ತನೆಯಾಗಿ, ಗೀಳಾಗಿ, ಫೋನು, ಪತ್ರಗಳ ಲೆಕ್ಕವಾಗಿ ಕಾಣುತ್ತದೆ. ಫ್ರಾನ್ಸಿಸ್ ಬಚ್ಚಲುಮನೆಯ ಕನ್ನಡಿಯ ಪಕ್ಕ ತನ್ನ ಸೋಲುಗಳನ್ನು ಗೀಟು ಎಳೆದು ಎಣಿಸುವುದೂ ಇಂಥದೇ ಲೆಕ್ಕ.

ಆತ್ಮರತಿಯ ಆರೋಪವೊಂದು ಉಳಿಯುತ್ತದೆ. ಈ ಇಬ್ಬರೂ ಪ್ರೀತಿಸುತ್ತಿರುವುದು ತಮ್ಮನ್ನೇ, ಪ್ರೇಮಿಯ ಪಾತ್ರದಲ್ಲಿ ತಾವು ಎಷ್ಟು ಚೆಂದ ಕಾಣುತ್ತೇವೆ ಎಂಬುದನ್ನೇ. ಅದಕ್ಕೆ ಇಷ್ಟು ಮರುಕ ಯಾಕೆ ಎಂದು ಕೇಳುವವರಿದ್ದಾರೆ. ಈ ಮಾತಿನಲ್ಲಿ ಸತ್ಯಾಂಶವಿದೆ. ಚಿತ್ರವೂ ಅದನ್ನು ಮುಚ್ಚಿಡುವುದಿಲ್ಲ. ಆದರೆ ಮತ್ತೊಬ್ಬರಿಗೆ ಇಷ್ಟವಾಗಲೆಂದು ಕನ್ನಡಿಯ ಮುಂದೆ ಕಳೆದ ಹೊತ್ತನ್ನೆಲ್ಲ ಆತ್ಮರತಿ ಎಂದರೆ, ಆ ಹೊತ್ತಿನಲ್ಲಿರುವ ಭಯವನ್ನು ಗಮನಿಸಿಲ್ಲ ಎಂದರ್ಥ. ಮೊನಿಯಾ ಶೋಕ್ರಿ ಅವರ ಮುಖವನ್ನು ನೋಡಿದರೆ ಇದು ತಿಳಿಯುತ್ತದೆ. ಅಷ್ಟು ಕಾಳಜಿಯಿಂದ ಕಟ್ಟಿದ ಕೂದಲು, ಹಚ್ಚಿದ ತುಟಿಬಣ್ಣದ ನಡುವೆ ಮೇರಿಯ ಕಣ್ಣು ಸದಾ ಹೆದರಿಕೊಂಡಿರುತ್ತದೆ, ಯಾರಾದರೂ ಈಗ ತನ್ನನ್ನು ನೋಡಿ ನಕ್ಕುಬಿಡುತ್ತಾರೆ ಎಂಬಂತೆ. ಶೋಕ್ರಿ ಮುಂದೆ ತಾವೇ ನಿರ್ದೇಶಕಿಯಾಗಿ 2023ರಲ್ಲಿ ‘ಸಿಂಪ್ಲ್ ಕಾಮ್ ಸಿಲ್ವೆನ್’ ತೆಗೆದು, ಪ್ರೀತಿ ಮತ್ತು ಅಭಿರುಚಿಯ ನಡುವಿನ ಸಂಬಂಧವನ್ನು ಮತ್ತೆ ಕೈಗೆತ್ತಿಕೊಂಡದ್ದು ಆಕಸ್ಮಿಕವಾಗಿರಲಾರದು.

ಕೊನೆಯ ಭಾಗದ ಬಗ್ಗೆಯೂ ಜಗಳವಿದೆ. ಒಂದು ವರ್ಷ ಕಳೆದಿದೆ. ಮತ್ತೊಂದು ಪಾರ್ಟಿ. ಏಷ್ಯಾ ಸುತ್ತಿ ಬಂದ ನಿಕೊಲಾ ಏನೂ ಆಗಿಲ್ಲದವನಂತೆ ಮಾತನಾಡಿಸಲು ಬರುತ್ತಾನೆ. ಫ್ರಾನ್ಸಿಸ್ ಅವನ ಮುಖದೆದುರು ಪ್ರಾಣಿಯಂತೆ ಕರ್ಕಶವಾಗಿ ಕಿರುಚುತ್ತಾನೆ, ನಿಕೊಲಾ ಹಿಂದೆ ಸರಿಯುತ್ತಾನೆ. ಅಷ್ಟರಲ್ಲಿ ಕೋಣೆಯ ಆ ಕಡೆ ಇನ್ನೊಬ್ಬ ಚೆಲುವ ಕಾಣಿಸುತ್ತಾನೆ. ಆ ಪಾತ್ರದಲ್ಲಿ ಫ್ರಾನ್ಸಿನ ನಟ ಲೂಯಿ ಗರೆಲ್. 2003ರಲ್ಲಿ ಬೆರ್ತೊಲುಚಿಯವರ ‘ದ ಡ್ರೀಮರ್ಸ್’ನಲ್ಲಿ ಮೂವರ ಪ್ರೇಮದ ಒಬ್ಬ ಪಾತ್ರಧಾರಿಯಾಗಿದ್ದವರು ಅವರೇ. ಮೇರಿ, ಫ್ರಾನ್ಸಿಸ್ ಒಬ್ಬರನ್ನೊಬ್ಬರು ನೋಡಿಕೊಂಡು, ಒಟ್ಟಿಗೇ, ಸ್ಲೋಮೋಷನ್‌ನಲ್ಲಿ ಅವನತ್ತ ನಡೆಯುತ್ತಾರೆ. ಹಾಗಾದರೆ ಇವರು ಏನೂ ಕಲಿಯಲಿಲ್ಲವೇ, ಕಥೆ ಹೊರಟಲ್ಲಿಗೇ ಬಂತೇ ಎಂದು ಅನೇಕರು ಅಸಮಾಧಾನಪಟ್ಟಿದ್ದಾರೆ. ಮೊದಲ ಕೂಟದ ಜೊತೆ ಇಟ್ಟು ನೋಡಿದರೆ ಬದಲಾದದ್ದು ಕಾಣುತ್ತದೆ. ಅಲ್ಲಿ ಇಬ್ಬರೂ ಅವನು ತಮ್ಮ ಬಗೆಯವನಲ್ಲ ಎಂದು ಪರಸ್ಪರ ಸುಳ್ಳು ಹೇಳಿ, ಆಮೇಲೆ ಬೇರೆ ಬೇರೆ ಬೀದಿಗಳಲ್ಲಿ ಒಬ್ಬೊಬ್ಬರೇ ನಡೆದಿದ್ದರು. ಇಲ್ಲಿ ಸುಳ್ಳಿಲ್ಲ. ಆಸೆ ಇಬ್ಬರಿಗೂ ಇದೆ ಎಂಬುದು ಇಬ್ಬರಿಗೂ ಗೊತ್ತಿದೆ, ಮತ್ತು ಆ ನಡಿಗೆ ಮೊದಲ ಸಲ ಜೊತೆಯ ನಡಿಗೆಯಾಗಿದೆ. ಗರೆಲ್ ಅವರ ಪಾತ್ರ ಇವರಲ್ಲಿ ಒಬ್ಬರಿಗೆ ಒಲಿಯುತ್ತದೆಂದು ನಂಬಲು ಚಿತ್ರ ಯಾವ ಕಾರಣವನ್ನೂ ಕೊಡುವುದಿಲ್ಲ, ಮತ್ತೆ ಸೋಲುವ ಸಾಧ್ಯತೆಯೇ ಹೆಚ್ಚು. ಆದರೆ ಈ ಸಲದ ಸೋಲನ್ನು ಅವರು ಒಬ್ಬರಿಂದೊಬ್ಬರು ಬಚ್ಚಿಡಬೇಕಾಗಿಲ್ಲ.